ದಿಂಬಿನಷ್ಟು ನಿಶ್ಶಬ್ದ

ಮಾರ್ಚ್ 3, ಸೋಮವಾರ

ಅಕ್ಕ ಬಂದಿಳಿದಳು. ಎರಡು ಸೂಟ್‌ಕೇಸು, ಒಂದು ಮಡಚುವ ಮಂಚ, ತನ್ನದೇ ದಿಂಬು. ತಂಗಿಯ ಮನೆಯ ದಿಂಬಿನಲ್ಲಿ ಹುಳ ಇರುತ್ತದೆಂಬ ಗುಮಾನಿ ಇರಬೇಕು. ಒಳಗೆ ಕಾಲಿಟ್ಟವಳು ಅಮ್ಮನ ಮುಖ ನೋಡುವ ಮೊದಲು ಅಡುಗೆಮನೆಯ ಕಟ್ಟೆಯ ಮೇಲೆ ಬೆರಳು ಎಳೆದು ನೋಡಿದಳು. ಅಷ್ಟು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದರೆ ಬೆರಳಿಗೂ ಅದೇ ಬುದ್ಧಿ ಬರುತ್ತದೆ.

ನಮ್ಮ ಒಪ್ಪಂದ ಹೀಗಿದೆ. ಅಮ್ಮ ಜಾರಿಬಿದ್ದು ಸೊಂಟದ ಆಪರೇಷನ್ ಆಗಿದೆ. ಆಸ್ಪತ್ರೆಗೆ ನನ್ನ ಫ್ಲಾಟು ಹತ್ತಿರವೆಂದು ಇಲ್ಲಿಗೇ ಕರೆತಂದೆವು. ಅಕ್ಕ ಒಂದು ತಿಂಗಳು ರಜೆ ಹಾಕಿ ಇಲ್ಲಿರುತ್ತಾಳೆ. ತಿಂಗಳಾದ ಮೇಲೆ ಅಮ್ಮ ಯಾರ ಮನೆಯಲ್ಲಿರಬೇಕು ಎಂದು ತೀರ್ಮಾನ. ಅಕ್ಕನ ಪ್ರಕಾರ ಇಲ್ಲೇ, ಒಬ್ಬ ನರ್ಸನ್ನು ಇಟ್ಟುಕೊಂಡು. ನನ್ನ ಪ್ರಕಾರ ಅಕ್ಕನ ಮನೆಗೆ. ಅವಳಿಗೆ ಖಾಲಿ ಕೋಣೆಯಿದೆ, ಗಂಡನಿದ್ದಾನೆ, ಮೆಟ್ಟಿಲಿಲ್ಲದ ಮನೆಯಿದೆ. ನನಗಿರುವುದು ಕೆಲಸ ಮತ್ತು ಒಬ್ಬಳೇ ಇರುವ ಅಭ್ಯಾಸ. ಕೆಲಸ ಬೇಕಾದರೆ ಬಿಟ್ಟೇನು, ಅಭ್ಯಾಸ ಬಿಡಲಾರೆ.

ಆದರೆ ಅಕ್ಕನ ಊರಿಗೆ ಕಾರಿನಲ್ಲಿ ಇಡೀ ದಿನದ ದಾರಿ. ಅಮ್ಮ ವಾಕರ್ ಹಿಡಿದು ನಾಲ್ಕು ಹೆಜ್ಜೆ ಸಲೀಸಾಗಿ ಹಾಕುವವರೆಗೆ ಕಳಿಸುವಂತಿಲ್ಲ ಎಂದಿದ್ದಾರೆ ಡಾಕ್ಟರು. ಸರಿಯಾಗಿ ನಿದ್ದೆಯಾಗದೆ ಅವಳು ನಡೆಯುವುದಿಲ್ಲ. ನಿದ್ದೆ ಮಾಡಲು ಕೆಳಗಿನ ಲಾಂಡ್ರಿಯವನು ಬಿಡುತ್ತಿಲ್ಲ.

ಮಾರ್ಚ್ 5, ಬುಧವಾರ

ಇವತ್ತು ಲಾಂಡ್ರಿಯವನ ಜೊತೆ ಜಗಳ. ಅವನಿಗೆ ನಾನಿಟ್ಟ ಹೆಸರು ಇಸ್ತ್ರಿ ಸಾಹುಕಾರ. ಅವನ ಬ್ಲೋವರ್ ಇರುವುದು ಅಮ್ಮನ ಕೋಣೆಯ ಕಿಟಕಿಯ ಕೆಳಗೇ. ಒಣಗಿಸುವ ಯಂತ್ರಗಳ ಬಿಸಿಗಾಳಿಯನ್ನು ಹೊರಗೆ ಉಗಿಯುವ ಆ ಫ್ಯಾನು ಹಗಲೂ ರಾತ್ರಿ ಗುಂಯ್ ಎನ್ನುತ್ತದೆ. ಗೋಡೆ, ಮಂಚ, ಹಲ್ಲಿನ ಬುಡ, ಎಲ್ಲವೂ ಅದರ ಜೊತೆ ಗುಂಯ್ ಎನ್ನುತ್ತವೆ.

"ಹೋಟೆಲ್‌ಗಳ ಚಾದರ ಮೇಡಂ, ಹೊತ್ತುಗೊತ್ತು ನೋಡೋಕಾಗಲ್ಲ," ಅಂದ.

"ಅದಕ್ಕೊಂದು ಸೈಲೆನ್ಸರ್ ಹಾಕಿಸ್ರೀ."

"ನಿಮಗೊಬ್ರಿಗೇ ಕೇಳ್ಸೋದು. ಎರಡನೇ ಮಹಡಿಯವರು ಇಷ್ಟು ದಿನ ಒಂದು ಮಾತು ಅಂದಿಲ್ಲ."

"ಎರಡನೇ ಮಹಡಿ ಖಾಲಿ ಇದೆ."

"ಮತ್ತೆ? ಅದನ್ನೇ ನಾನೂ ಹೇಳಿದ್ದು."

ಇಂಥವನ ಹತ್ತಿರ ಏನು ಮಾತು? ಅವನ ಅಂಗಡಿಯ ಬಾಗಿಲನ್ನು ಆದಷ್ಟು ಜೋರಾಗಿ ಎಳೆದುಕೊಂಡು ಬಂದೆ. ಸ್ಪ್ರಿಂಗಿನ ಬಾಗಿಲು, ಸದ್ದೇ ಮಾಡಲಿಲ್ಲ.

ಅಮ್ಮ ಮಾತ್ರ ಬೈಯಲಿಲ್ಲ. "ಲೈನಲ್ಲಿ ಇಂಥ ಸದ್ದು ಬಂದ್ರೆ ನಾವು ಲೈನ್ ಬದಲಾಯಿಸಿ ಕೊಡ್ತಿದ್ವಿ," ಎಂದಳು. ಅವಳು ಕೆಲಸ ಮಾಡಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಟ್ರಂಕ್ ಕಾಲ್ ಬೋರ್ಡಿನ ಮುಂದೆ. ದೂರದೂರಿನ ಕರೆಗಳನ್ನು ಜೋಡಿಸಿಕೊಟ್ಟು, ಮೂರು ಮೂರು ನಿಮಿಷಕ್ಕೆ ಮುಂದುವರಿಸಬೇಕೇ ಎಂದು ಕೇಳುವ ಕೆಲಸ. ಚಿಕ್ಕವರಿದ್ದಾಗ ನಾನೂ ಅಕ್ಕನೂ ಕೂದಲು ಹಿಡಿದು ಕಿತ್ತಾಡುವಾಗ ಅಮ್ಮ ಬಾಗಿಲಲ್ಲಿ ನಿಂತು, ಕೆಲಸದ ದನಿಯಲ್ಲಿ, "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಅನ್ನುತ್ತಿದ್ದಳು. ಆ ದನಿಯಲ್ಲಿ ಕೋಪವೂ ಇಲ್ಲ, ಪ್ರೀತಿಯೂ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಇಬ್ಬರೂ ತೆಪ್ಪಗಾಗುತ್ತಿದ್ದೆವು. ಮುಂದುವರಿಸಿ ಎಂದು ಯಾರೂ ಒಮ್ಮೆಯೂ ಹೇಳಿದ್ದಿಲ್ಲ.

ಸದ್ದು ಅಡಗಿಸುವುದೇ ನನ್ನ ಕಸುಬು. ಬಸ್ಸಿನ ಡ್ರೈವರುಗಳ ಕ್ಯಾಬಿನ್ನಿಗೆ ಅದನ್ನೇ ಮಾಡಿಕೊಡುತ್ತೇನೆ. ನಮ್ಮ ಮನೆಯಲ್ಲಿ ಮಾಡದೆ ಸಾಹುಕಾರನ ಹತ್ತಿರ ಯಾಕೆ ಗೋಗರೆದೆನೋ.

ಮಾರ್ಚ್ 8, ಶನಿವಾರ

ಆಫೀಸಿನಿಂದ ಒಂದು ಹಳೆಯ ಕಂಟ್ರೋಲರ್, ಎರಡು ಸ್ಪೀಕರ್, ಮೂರು ಮೈಕ್ ತಂದೆ. ಬ್ಲೋವರಿನ ಸುಯ್ ಅನ್ನುವ ಸಣ್ಣ ಸದ್ದಿಗೆ ಕಿಟಕಿಗೆ ಇನ್ನೊಂದು ಗಾಜು ಕೂರಿಸಿದೆ, ಅಷ್ಟು ಸಾಕು. ಗುಂಯ್ ಅನ್ನುವ ದಪ್ಪ ಸದ್ದು ಗಾಜಿಗೆ ಸೊಪ್ಪು ಹಾಕುವುದಿಲ್ಲ. ಅದಕ್ಕೆ ಈ ಡಬ್ಬಿ.

ನಾನು ಮಂಚದ ಕೆಳಗೆ ತಂತಿ ಎಳೆಯುತ್ತಿದ್ದರೆ ಮೇಲಿನಿಂದ ಅಮ್ಮನ ಪ್ರಶ್ನೆ.

"ಸದ್ದು ಮಾಡಿ ಸದ್ದು ಓಡಿಸೋದು ಅಂದ್ರೆ ಹೇಗೆ ಪುಟ್ಟಿ?"

ನನಗೆ ನಲವತ್ತಮೂರು ವಯಸ್ಸು. ಪುಟ್ಟಿಯಂತೆ.

"ಆ ಬ್ಲೋವರ್ ಗಾಳೀನ ತಳ್ಳುತ್ತೆ, ಎಳೆಯುತ್ತೆ, ತಳ್ಳುತ್ತೆ, ಎಳೆಯುತ್ತೆ. ಅದು ತಳ್ಳೋ ಹೊತ್ತಿಗೆ ಸರಿಯಾಗಿ ಈ ಸ್ಪೀಕರ್ ಎಳೆಯುತ್ತೆ. ಎರಡೂ ಸೇರಿ ಸಮ ಆಗಿಬಿಡುತ್ತೆ."

"ಎಲ್ಲಾ ಕಡೆ?"

"ಇಲ್ಲ, ನಿನ್ನ ತಲೆ ಸುತ್ತ ಅಷ್ಟೇ. ಒಂದು ದಿಂಬಿನಷ್ಟು ಜಾಗ."

"ಮಾತು? ನೀವು ಕರೆದ್ರೆ ಕೇಳ್ಸುತ್ತೆ ತಾನೇ?"

"ಮಾತಿಗೆ ಏನೂ ಆಗಲ್ಲ. ಬ್ಲೋವರ್ ಮುಂದಿನ ಕ್ಷಣ ಏನು ಮಾಡುತ್ತೆ ಅಂತ ಡಬ್ಬಿಗೆ ಗೊತ್ತು. ಮನುಷ್ಯ ಏನು ಮಾತಾಡ್ತಾನೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?"

"ಅದೂ ಸರೀನೇ," ಎಂದು ನಕ್ಕಳು.

ಅಕ್ಕ ಬಾಗಿಲಲ್ಲಿ ಕೈಕಟ್ಟಿ ನಿಂತು, "ಹತ್ತಿ ಇಟ್ಕೊಂಡ್ರೆ ಆಗ್ತಿರಲಿಲ್ವಾ?" ಎಂದಳು.

ಮಾರ್ಚ್ 9, ಭಾನುವಾರ

ಕೆಲಸ ಮಾಡಿತು! ನಿನ್ನೆ ರಾತ್ರಿ ಗುಂಡಿ ಒತ್ತಿದ ಮೇಲೆ ಡಬ್ಬಿ ಸ್ವಲ್ಪ ಹೊತ್ತು ತಡಕಾಡಿತು. ಆಮೇಲೆ ಲ್ಯಾಪ್‌ಟಾಪಿನಲ್ಲಿ ಸದ್ದು ತೋರಿಸುವ ಗೆರೆ ದಡಕ್ಕನೆ ಕೆಳಗಿಳಿಯಿತು. ಅಮ್ಮ ಕಣ್ಣರಳಿಸಿ, ಯಾರೋ ತಲೆಯ ಮೇಲಿನ ಹೊರೆ ಇಳಿಸಿದರು ಅಂದಳು. ಬೆಳಗಿನವರೆಗೆ ಮಲಗಿದಳು, ಬೆಳಗಾದ ಮೇಲೂ ಮಲಗಿದಳು. ವ್ಯಾಯಾಮ ಮಾಡಿಸಲು ಬಂದ ಫಿಸಿಯೋ ಹತ್ತಿರ, "ನಮ್ಮ ಪುಟ್ಟಿ ನನಗೋಸ್ಕರ ಮಾಡಿದ್ದು," ಎಂದು ಡಬ್ಬಿ ತೋರಿಸಿದ್ದೇ ತೋರಿಸಿದ್ದು. ಅವಳಿಗೆ ಬೇಕಾದ ಕಾಲಿನ ವ್ಯಾಯಾಮ ಬಿಟ್ಟು ಡಬ್ಬಿಯ ಕಥೆಯಲ್ಲೇ ಅರ್ಧ ಹೊತ್ತು ಹೋಯಿತು.

ಇನ್ನೊಂದು ಸಂತೋಷದ ಸುದ್ದಿ. ಇಲ್ಲಿ ತಗ್ಗಿದ ಸದ್ದು ಕೋಣೆಯ ಇನ್ನೊಂದು ಮೂಲೆಯಲ್ಲಿ ಸ್ವಲ್ಪ ಹೆಚ್ಚುತ್ತದೆ. ಆ ಮೂಲೆಯಲ್ಲಿರುವುದು ಅಕ್ಕನ ಮಡಚುವ ಮಂಚ. "ನನಗೆ ಮೊದಲಿಗಿಂತ ಜೋರಾಗಿದೆ ಕಣೇ, ತಲೆ ಸಿಡೀತಾ ಇದೆ," ಎಂದು ಬೆಳಿಗ್ಗೆ ಮುಖ ಊದಿಸಿಕೊಂಡು ಬಂದಳು. "ನಿನ್ನ ಭ್ರಮೆ," ಎಂದೆ. ಸ್ಪೀಕರನ್ನು ಒಂದು ಮೊಳ ಸರಿಸಿದರೆ ಸರಿಹೋಗುತ್ತದೆ. ಸರಿಸಲಿಲ್ಲ.

ಮಾರ್ಚ್ 12, ಬುಧವಾರ

ಕೆಟ್ಟ ದಿನ. ಡಿಪೋದಲ್ಲಿ ನಮ್ಮ ಪರೀಕ್ಷೆಯ ಬಸ್ಸು ಓಡಿಸುವ ಡ್ರೈವರ್ ಒಬ್ಬನಿದ್ದಾನೆ. ಎಲ್ಲರೂ ಅವನನ್ನು ಮೀಸೆ ಅನ್ನುತ್ತಾರೆ. ಕನ್ನಡಿಯಲ್ಲಿ ಹಿಂದಿನ ವಾಹನಗಳಿಗಿಂತ ಮೀಸೆಯನ್ನೇ ಹೆಚ್ಚು ನೋಡಿಕೊಳ್ಳುತ್ತಾನೆ. ಅವನ ಸೀಟಿನ ತಲೆಯಾನಿಕೆಯಲ್ಲಿ ನಮ್ಮ ಸ್ಪೀಕರುಗಳಿವೆ. ಕಿವಿಯ ಹತ್ತಿರ ಎಂಜಿನ್ ಸದ್ದು ಚೆನ್ನಾಗಿ ಇಳಿದಿದೆ, ಗ್ರಾಫ್ ನೋಡಿದರೆ ಮುದ್ದು ಬರುತ್ತದೆ. ಅವನಿಗೆ ಬರಲಿಲ್ಲ.

"ತೆಗೆದುಬಿಡಿ ಮೇಡಂ ಇದನ್ನ."

"ಯಾಕ್ರೀ? ಎಂಜಿನ್ ಕೇಳ್ಸುತ್ತಾ?"

"ಎಂಜಿನ್ ಹೋಯ್ತು, ಬೈಗುಳ ಬಂತು. ಇಷ್ಟು ವರ್ಷ ಹಿಂದೆ ಕೂತೋರು ನನ್ನ ಏನಂತಿದ್ರು ಅಂತ ನನಗೆ ಗೊತ್ತೇ ಇರಲಿಲ್ಲ. ಈಗ ಒಂದೊಂದೂ ಕಿವೀಲೇ ಬಂದು ಕೂತ್ಕೊಳ್ಳುತ್ತೆ. ನಿನ್ನೆ ಒಬ್ಬ ಅಜ್ಜಿ, ನೋಡೋಕೆ ಪಾಪದೋಳು, ನನ್ನ ಮೀಸೆ ಬಗ್ಗೆ ಏನಂದ್ಳು ಗೊತ್ತಾ?"

"ಸದ್ದು ನನ್ನ ಕೆಲಸ. ನಿಮ್ಮ ಮೀಸೆ ನನ್ನ ಕೆಲಸ ಅಲ್ಲ," ಎಂದೆ. ಸುತ್ತಲಿದ್ದವರು ನಕ್ಕರು. ರಿಪೋರ್ಟಿನಲ್ಲಿ 'ಬಳಕೆದಾರರಿಗೆ ಇನ್ನೂ ಹೊಂದಾಣಿಕೆಯಾಗಿಲ್ಲ' ಎಂದು ಬರೆದು ಮುಗಿಸಿದೆ.

ಮನೆಗೆ ಬಂದರೆ ಅಕ್ಕ ಅಡುಗೆಮನೆಯಲ್ಲಿ ಕಾಯುತ್ತಿದ್ದಳು. ಜಗಳ ಆಡಬೇಕೆಂದರೆ ನಾವು ಅಡುಗೆಮನೆಗೇ ಹೋಗುತ್ತೇವೆ. ಅಮ್ಮನ ಕೋಣೆಗೂ ಅದಕ್ಕೂ ಗೋಡೆ ಒಂದೇ, ಮೇಲೆ ಅಂಗೈಯಗಲದ ಗಾಳಿಕಿಂಡಿಯೂ ಇದೆ, ಆದರೆ ಆ ಗುಂಯ್ ಸದ್ದಿನಲ್ಲಿ ಪಿಸುಮಾತು ಗಾಳಿಕಿಂಡಿಯವರೆಗೂ ಹೋಗುವುದಿಲ್ಲ. ಹಾಗಾಗಿ ಎಷ್ಟು ಬೇಕಾದರೂ ಕಿತ್ತಾಡಬಹುದು, ಪಿಸುದನಿಯಲ್ಲಿ ಕಿತ್ತಾಡಿದರೆ ಸರಿ.

"ನೀನು ಅಮ್ಮನ್ನ ಇಲ್ಲೇ ಇಟ್ಕೊಳ್ತೀನಿ ಅನ್ನು, ನಾನು ನರ್ಸ್ ನೋಡ್ತೀನಿ. ಇಷ್ಟೆಲ್ಲಾ ಡಬ್ಬಿ ಗಿಬ್ಬಿ ಮಾಡಿದ್ದೀಯಲ್ಲ, ಅಷ್ಟು ಪ್ರೀತಿ ಇದ್ರೆ ಇಟ್ಕೋ," ಎಂದಳು.

ನನಗೆ ಮೈ ಉರಿದುಹೋಯಿತು. "ಪ್ರೀತಿನೂ ಇಲ್ಲ ಮಣ್ಣೂ ಇಲ್ಲ. ಅವಳು ನಿದ್ದೆ ಮಾಡಲಿ, ಎದ್ದು ಓಡಾಡೋ ಹಾಗಾಗಲಿ, ನಿನ್ನ ಕಾರಲ್ಲಿ ಕೂರಿಸಿ ಕಳಿಸಿಬಿಡೋಣ ಅಂತಾನೇ ಡಬ್ಬಿ ಮಾಡಿದ್ದು. ಬಾಗಿಲು ತೆಗೆದ್ರೆ ಸಾಕು, ಮನೆ ತುಂಬಾ ಅವಳ ನೋವಿನ ಮುಲಾಮಿನ ವಾಸನೆ. ನನ್ನ ಮನೆ ನನಗೆ ಬೇಕು."

ಹೇಳಿದ ಮೇಲೆ ಮನಸ್ಸು ಹಗುರವಾಯಿತು. ಅಮ್ಮನ ಕೋಣೆಗೆ ಹೋಗಿ, "ಏನಮ್ಮಾ, ಚಹಾ ಬೇಕಾ?" ಎಂದು ಕೇಳಿದೆ. ಏನೇ ಆದರೂ ಅಮ್ಮನ ಎದುರು ನಾನು ಮುಖ ಕೆಡಿಸಿಕೊಂಡವಳಲ್ಲ. ಅಕ್ಕ ಹಾಗಲ್ಲ, ಮೊನ್ನೆ ಅಮ್ಮನ ಕಾಲಿಗೆ ಪಟ್ಟಿ ಸುತ್ತುತ್ತಲೇ, "ನೀನು ನಮ್ಮನೆಗೆ ಬಂದ್ರೆ ಎಲ್ಲರಿಗೂ ಕಷ್ಟಾನೇ ಕಣಮ್ಮ, ನಿನ್ನ ಅಳಿಯನಿಗಂತೂ ಆಗಲ್ಲ," ಎಂದುಬಿಟ್ಟಳು. ಮುಖಕ್ಕೆ ಹೊಡೆದಂತೆ ಮಾತಾಡುವುದನ್ನೇ ಪ್ರಾಮಾಣಿಕತೆ ಅಂದುಕೊಂಡಿದ್ದಾಳೆ.

ಅಮ್ಮ ಚಹಾ ಬೇಡ ಅಂದಳು.

ಮಾರ್ಚ್ 13, ಗುರುವಾರ

ವಿಶೇಷವಿಲ್ಲ. ಅಮ್ಮ ಎಲ್ಲದಕ್ಕೂ "ಸರಿ" ಎನ್ನುತ್ತಿದ್ದಾಳೆ. ಮಾತ್ರೆ ತಗೋ ಅಂದರೆ ಸರಿ, ದೀಪ ಆರಿಸಲಾ ಅಂದರೆ ಸರಿ. ನಿದ್ದೆ ಸಿಕ್ಕಿದರೆ ಮನುಷ್ಯರು ಹೀಗೆ ಮೆತ್ತಗಾಗುತ್ತಾರೆ. ಅಕ್ಕನನ್ನೂ ಆ ದಿಂಬಿನ ಮೇಲೆ ಎರಡು ದಿನ ಮಲಗಿಸಬೇಕು.

ಮಾರ್ಚ್ 17, ಸೋಮವಾರ

ಫಲಿತಾಂಶ ನನ್ನ ನಿರೀಕ್ಷೆಗೂ ಮೀರಿದೆ. ಅಮ್ಮ ಹಟ ಹಿಡಿದವಳಂತೆ ನಡೆಯುತ್ತಿದ್ದಾಳೆ. ಕೋಣೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಕೋಣೆಗೆ. ಸಾಕು ಕೂತ್ಕೊಳ್ಳಿ ಎಂದು ಫಿಸಿಯೋ ಬೇಡಿಕೊಂಡರೂ ಕೇಳುವುದಿಲ್ಲ. ನನ್ನನ್ನು ಕರೆಯುವುದೂ ಕಡಿಮೆ. ಮೊದಲು ನೀರಿಗೆ, ಕನ್ನಡಕಕ್ಕೆ, ಹೊದಿಕೆಗೆ ಪುಟ್ಟೀ ಪುಟ್ಟೀ ಎಂದು ಪ್ರಾಣ ತಿನ್ನುತ್ತಿದ್ದಳು. ಈಗ ತಾನೇ ಎದ್ದು ತೆಗೆದುಕೊಳ್ಳುತ್ತಾಳೆ.

ಮುಲಾಮು ಹಚ್ಚುವುದನ್ನೂ ಬಿಟ್ಟಿದ್ದಾಳೆ. ನೋವು ಕಡಿಮೆಯಾಗಿರಬೇಕು. ಸಂಜೆ ಬಾಗಿಲು ತೆಗೆದಾಗ ನನ್ನ ಮನೆಗೆ ನನ್ನ ಮನೆಯದೇ ವಾಸನೆ. ಹಾಯೆನಿಸಬೇಕಿತ್ತು. ಏನೋ ಮರೆತುಬಂದಂತೆ ಅನಿಸಿ ಬ್ಯಾಗು ತಡಕಿದೆ, ಎಲ್ಲಾ ಇತ್ತು.

ಮಾರ್ಚ್ 20, ಗುರುವಾರ

ಮೀಸೆ ನಮ್ಮ ಕಂಟ್ರೋಲರಿನ ಫ್ಯೂಸು ಕಿತ್ತು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾನಂತೆ. ಕೇಳಿದರೆ, "ಎಂಜಿನ್ ಸದ್ದಲ್ಲಿ ನೆಮ್ಮದಿ ಇದೆ ಮೇಡಂ," ಎಂದ. ಮೂರು ತಿಂಗಳ ಕೆಲಸ.

ಮಾರ್ಚ್ 23, ಭಾನುವಾರ

ಮಧ್ಯಾಹ್ನ ಅಕ್ಕ ಔಷಧಿ ತರಲು ಹೋಗಿದ್ದಳು. ಗ್ರಾಫ್ ನೋಡುವ ನೆಪದಲ್ಲಿ ಅಮ್ಮನ ಕೋಣೆಯಲ್ಲಿ ಕೂತೆ. ನೆಪ ಎಂದು ಯಾಕೆ ಬರೆದೆನೋ. ಗ್ರಾಫ್ ನೋಡಲೇಬೇಕಿತ್ತು.

ಅಮ್ಮ ಬಟ್ಟೆ ಮಡಚುತ್ತಿದ್ದಳು. ಇದ್ದಕ್ಕಿದ್ದಂತೆ ಎಕ್ಸ್‌ಚೇಂಜಿನ ಮಾತು ತೆಗೆದಳು. ಆಗ ನಾನು ಕೇಳಿದೆ, ಅಷ್ಟೊಂದು ಜನರ ಗುಟ್ಟು ಕಿವಿಗೆ ಬೀಳುತ್ತಿತ್ತಲ್ಲ, ಹೊಟ್ಟೆಯಲ್ಲಿ ಹೇಗಿಟ್ಟುಕೊಂಡಿದ್ದೆ ಎಂದು.

"ಲೈನ್ ಸರಿಯಿದೆಯಾ ಅಂತ ನೋಡೋಕೆ ನಡುವೆ ಒಂದು ಸಲ ಕೇಳ್ಲೇಬೇಕಿತ್ತು. ಕೇಳಿದ್ದನ್ನ ಕೇಳ್ಲಿಲ್ಲ ಅಂತ ಮಾಡೋದೇ ಕೆಲಸ. ಅದು ಬರದೇ ಇದ್ದೋರು ಆ ಕುರ್ಚೀಲಿ ಕೂರೋ ಹಾಗಿರಲಿಲ್ಲ."

"ಅವರಿಗೆ ಗೊತ್ತಾಗ್ತಿರಲಿಲ್ವಾ?"

"ನಾವು ಲೈನಿಗೆ ಬಂದ್ರೆ ಟಕ್ ಅಂತ ಒಂದು ಸದ್ದಾಗ್ತಿತ್ತು. ಕಿವಿ ಚುರುಕಿದ್ದೋರಿಗೆ ಗೊತ್ತಾಗೋದು. ಒಬ್ಬ ಇದ್ದ, ವಾರಕ್ಕೊಂದು ಸಲ ಹೆಂಡ್ತಿಗೆ ಟ್ರಂಕ್ ಕಾಲ್ ಮಾಡಿ ಬಾಯಿಗೆ ಬಂದ ಹಾಗೆ ಬೈಯೋನು. ಟಕ್ ಅಂತಿದ್ದ ಹಾಗೇ, 'ಮತ್ತೆ, ಮಕ್ಕಳೆಲ್ಲಾ ಹುಷಾರಾ? ನಿನ್ನ ಮಂಡಿ ನೋವು ಹೇಗಿದೆ?' ಅಷ್ಟು ಸಕ್ಕರೆ ಮಾತು. ಹೆಂಡ್ತಿಗೆ ಗಾಬರಿ, ಇವರಿಗೇನಾಯ್ತು ಅಂತ."

ಇಬ್ಬರೂ ನಕ್ಕೆವು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಮ್ಮ ಬೇಗ ನಿಲ್ಲಿಸಿದಳು.

ಅಕ್ಕ ಬಾಗಿಲು ತಟ್ಟಿದಾಗ ಇನ್ನೂ ಸ್ವಲ್ಪ ತಡವಾಗಿ ಬರಬಾರದಿತ್ತೇ ಎಂದು ಸಿಟ್ಟು ಬಂತು. ರಾತ್ರಿ ಅಕ್ಕನ ಮಂಚದ ಕಡೆಯ ಸ್ಪೀಕರನ್ನು ಒಂದು ಮೊಳ ಸರಿಸಿದೆ. ಅವಳ ಮೇಲಿನ ಕನಿಕರದಿಂದಲ್ಲ, ಬೆಳಗಿನ ಗೊಣಗಾಟ ತಡೆಯಲಾರದೆ.

ಮಾರ್ಚ್ 26, ಬುಧವಾರ

ಅಡುಗೆಮನೆಯಲ್ಲಿ ಮತ್ತೆ ರಂಪ. ಅಮ್ಮ ನಡೆಯುತ್ತಿರುವುದರಿಂದ ಅಕ್ಕನಿಗೆ ನೆಪಗಳು ಮುಗಿಯುತ್ತಿವೆ.

"ಕರ್ಕೊಂಡು ಹೋಗ್ತೀನಿ, ಆದ್ರೆ ಅಲ್ಲಿ ಅಮ್ಮನಿಗೆ ಸುಖ ಇರಲ್ಲ. ನಿನ್ನ ಭಾವ ದಿನಾ ಗೊಣಗ್ತಾರೆ, ನಾನೂ ಗೊಣಗ್ತೀನಿ. ಅಮ್ಮನಿಗೂ ಹೇಳಿದ್ದೀನಿ."

"ಗೊಣಗು. ಕರ್ಕೊಂಡು ಹೋಗಿ ಗೊಣಗು," ಎಂದೆ. ನನ್ನ ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ ಅನಿಸಿತು. ಕೆಲಸದ ಆಯಾಸ ಇರಬೇಕು.

ಅಮ್ಮನಿಗೆ ಊಟ ತೆಗೆದುಕೊಂಡು ಹೋದಾಗ, ತಾನು ಹೋಗುವ ದಿನ ಗೊತ್ತಾಯಿತೇ ಎಂದು ಕೇಳಿದಳು. ಯಾರು ಹೇಳಿದರು ಎಂದರೆ, "ತಿಂಗಳು ಮುಗೀತಾ ಬಂತಲ್ಲ," ಎಂದಳು. ಅಕ್ಕನೇ ಹೇಳಿರುತ್ತಾಳೆ. ಅವಳ ಬಾಯಲ್ಲಿ ಏನು ನಿಲ್ಲುತ್ತದೆ?

ಮಾರ್ಚ್ 29, ಶನಿವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಬೆಳಿಗ್ಗೆ ದಿಂಬಿನ ಎಡಗಡೆಯ ಮೈಕು ಅಂಟು ಬಿಟ್ಟು ಜೋತಾಡುತ್ತಿತ್ತು. ಅಮ್ಮ ಬಾಲ್ಕನಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. ಅಕ್ಕ ಅಡುಗೆಮನೆಯಲ್ಲಿದ್ದಳು. ಮೈಕಿನ ತಂತಿ ತಲೆಹಲಗೆಯ ಹಿಂದೆ ಸಿಕ್ಕಿಕೊಂಡಿದ್ದರಿಂದ ಮಂಚದ ಮೇಲೆ ಅಂಗಾತ ಮಲಗಿ ಕೈ ಹಿಂದೆ ಚಾಚಬೇಕಾಯಿತು. ತಲೆ ದಿಂಬಿಗೆ ತಾಗಿತು.

ಇಷ್ಟು ದಿನದಲ್ಲಿ ನಾನು ಆ ದಿಂಬಿನ ಮೇಲೆ ತಲೆಯಿಟ್ಟದ್ದು ಇದೇ ಮೊದಲು. ಮೈಕು ಇಟ್ಟಿದ್ದೇನೆ, ಗ್ರಾಫ್ ನೋಡಿದ್ದೇನೆ, ನನ್ನ ಸ್ವಂತ ಕಿವಿ ಇಟ್ಟಿರಲಿಲ್ಲ.

ಬ್ಲೋವರ್ ಇರಲಿಲ್ಲ. ಆ ಜಾಗದಲ್ಲಿ ಪಾತ್ರೆಯೊಳಗೆ ಚಮಚ ತಿರುಗುವ ಸದ್ದು. ನಲ್ಲಿ ತೊಟ್ಟಿಕ್ಕುವ ಸದ್ದು. ಆಮೇಲೆ ಅಕ್ಕ, ನನ್ನ ಕಿವಿಯ ಪಕ್ಕದಲ್ಲೇ ಕೂತವಳ ಹಾಗೆ, ಫೋನಿನಲ್ಲಿ ಭಾವನಿಗೆ ಪಿಸುಗುಡುತ್ತಿದ್ದಳು.

"ಅಮ್ಮನಿಗೆ ನೇರವಾಗೇ ಹೇಳಿದ್ದೀನಿ ರೀ, ನಿಮಗೆ ಇಷ್ಟ ಇಲ್ಲ ಅಂತ. ಇವಳದ್ದೇ ನನಗೆ ಅರ್ಥ ಆಗಲ್ಲ. ಎದುರಿಗೆ ಅಮ್ಮಾ ಅಮ್ಮಾ, ಚಹಾ ಬೇಕಾ ಅಂತಾಳೆ. ಇಲ್ಲಿ ಬಂದು ಮನೆಯೆಲ್ಲಾ ವಾಸನೆ, ಕಳಿಸಿಬಿಡೋಣ ಅಂತಾಳೆ. ಪಾಪ, ಅಮ್ಮ ಇನ್ನೂ ಮಗಳು ತನಗೋಸ್ಕರ ಡಬ್ಬಿ ಮಾಡಿದ್ದಾಳೆ ಅಂದ್ಕೊಂಡಿದ್ದಾಳೆ."

ಒಂದಕ್ಷರವೂ ತಪ್ಪಲಿಲ್ಲ. ನಡುವೆ ಅವಳು ಮೂಗು ಎಳೆದುಕೊಂಡದ್ದೂ ಕೇಳಿಸಿತು.

ಎದ್ದು ಕೂತೆ. ಕೂತ ಕೂಡಲೇ ಗುಂಯ್ ಸದ್ದು ಬಂದು ಅಕ್ಕನ ಮಾತನ್ನು ನುಂಗಿತು. ಮತ್ತೆ ಮಲಗಿದೆ, ಮತ್ತೆ ಅವಳ ಮಾತು. ಹುಚ್ಚಿಯ ಹಾಗೆ ಏಳುವುದು, ಮಲಗುವುದು. ದಪ್ಪ ಸದ್ದು ಮಾತನ್ನು ಮುಚ್ಚಿಡುತ್ತದೆ, ಅದನ್ನು ತೆಗೆದರೆ ಮಾತು ಬಯಲಿಗೆ ಬೀಳುತ್ತದೆ. ನಮ್ಮ ಕಸುಬಿನ ಮೊದಲ ಪಾಠ ಇದು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನೇ ಹೇಳಿಕೊಡುತ್ತೇನೆ. ಮೀಸೆ ಬಂದು ಬಾಯಿಬಿಟ್ಟು ಹೇಳಿದ, ಅವನನ್ನು ಗೇಲಿ ಮಾಡಿ ಕಳಿಸಿದೆ. ಮಾತಿಗೆ ಏನೂ ಆಗಲ್ಲ ಎಂದು ಅಮ್ಮನಿಗೆ ನನ್ನ ಬಾಯಾರೆ ಹೇಳಿದೆ.

ಮುಲಾಮು. ಅಯ್ಯೋ, ಆ ಮುಲಾಮು! ನೋವು ಕಡಿಮೆಯಾದದ್ದಲ್ಲ.

ನೀರು ಕೇಳುವುದನ್ನು ಬಿಟ್ಟದ್ದು, ಹಟ ಹಿಡಿದು ನಡೆದದ್ದು, ಬಟ್ಟೆ ಮಡಚಿಟ್ಟದ್ದು. ಸಿಸ್ಟಮ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ನಾನು ಹಿಗ್ಗುತ್ತಿದ್ದೆ.

ಬಾಲ್ಕನಿಗೆ ಹೋದೆ. ಅಮ್ಮ ಕಣ್ಣು ಮುಚ್ಚಿ ಕೂತಿದ್ದಳು. "ಮೈಕ್ ಸರಿ ಮಾಡಿದ್ಯಾ?" ಎಂದಳು. "ಮಾಡಿದೆ," ಎಂದೆ.

ಮಾರ್ಚ್ 30, ಭಾನುವಾರ

ಡಬ್ಬಿ ಆಫ್ ಮಾಡಿದರೆ ಅಮ್ಮನಿಗೆ ಅನುಮಾನ ಬರುತ್ತದೆ, ನಿದ್ದೆಯೂ ಹೋಗುತ್ತದೆ. ಅಕ್ಕನಿಗೆ ಹೇಳಿದರೆ ಜೀವಮಾನವಿಡೀ ಚುಚ್ಚುತ್ತಾಳೆ. ಇಡೀ ದಿನ ಯೋಚಿಸಿ ಒಂದು ದಾರಿ ಕಂಡುಕೊಂಡೆ.

ಸಂಜೆ ಅಮ್ಮ ಮಲಗಿದ್ದಾಗ ಅಕ್ಕನನ್ನು ಅಡುಗೆಮನೆಗೆ ಕರೆದೆ. ಗಾಳಿಕಿಂಡಿಯ ಕೆಳಗೇ ನಿಂತೆ.

"ನಾನು ಯೋಚನೆ ಮಾಡಿದೆ ಅಕ್ಕಾ. ಅಮ್ಮ ಇಲ್ಲೇ ಇರಲಿ. ಅವಳಿದ್ರೆ ಮನೆ ಮನೆ ಹಾಗಿರುತ್ತೆ. ಅವತ್ತು ನಾನು ಏನೇನೋ ಅಂದೆ, ಕೆಲಸದ ತಲೆಬಿಸೀಲಿ ಅಂದಿದ್ದು. ಮನಸ್ಸಲ್ಲಿ ಹಾಗಿಲ್ಲ. ಅಮ್ಮ ಅಂದ್ರೆ ನನಗೆ ಪ್ರಾಣ."

ಅಕ್ಕ ಕೈಯಲ್ಲಿದ್ದ ತಟ್ಟೆ ಹಾಗೇ ಹಿಡಿದು ನನ್ನನ್ನು ದಿಟ್ಟಿಸಿದಳು. "ಜ್ವರ ಗಿರ ಬಂದಿದ್ಯೇನೇ?"

"ಇಲ್ಲ. ನಿಜ ಹೇಳ್ತಿದ್ದೀನಿ."

"ಅದಕ್ಕೆ ಗೋಡೆ ನೋಡ್ಕೊಂಡು ಯಾಕೆ ಹೇಳ್ತೀಯಾ?"

ನಿಜವನ್ನೇ ಹೇಳುತ್ತಿದ್ದೆ. ಅದೇ ಸಂಕಟ. ಹೇಳುತ್ತಿದ್ದ ಹಾಗೇ ಅದು ನಿಜ ಎಂದು ನನಗೇ ತಿಳಿಯಿತು, ಆದರೆ ಬಾಯಿಂದ ಹೊರಟದ್ದು ನಾಟಕದ ಮಾತಿನಂತಿತ್ತು.

ಮಾರ್ಚ್ 31, ಸೋಮವಾರ

ಆಫೀಸಿಗೆ ಹೊರಡುವ ಮೊದಲು ಅಮ್ಮ ಕರೆದಳು. ಎಷ್ಟೋ ದಿನದ ಮೇಲೆ ಕರೆದಳೆಂದು ಓಡಿಹೋದೆ. ಮಂಚದ ಅಂಚಿನಲ್ಲಿ ಕೂತಿದ್ದಳು, ವಾಕರ್ ಹಿಡಿದು.

"ನಿನ್ನೆ ಟಕ್ ಅಂತು, ಪುಟ್ಟಿ."

"ಏನಮ್ಮಾ?"

"ನಾನು ಲೈನಲ್ಲಿದ್ದೀನಿ ಅಂತ ನಿನಗೆ ಗೊತ್ತಾಯ್ತಲ್ಲ."

"ಅಮ್ಮಾ, ನಿನ್ನೆ ಹೇಳಿದ್ದು ನಿಜಾನೇ..."

"ಇರಬಹುದು. ಟಕ್ ಅಂದ ಮೇಲೆ ಆಡಿದ ಮಾತು ನಿಜಾನೋ ಸುಳ್ಳೋ ಅಂತ ಆಪರೇಟರಿಗೆ ಗೊತ್ತಾಗಲ್ಲ. ಅದನ್ನ ನಾವು ಲೆಕ್ಕಕ್ಕೇ ತಗೋತಿರಲಿಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕೆಲಸದ ದನಿ. "ನಾನು ದೊಡ್ಡವಳ ಜೊತೆ ಹೋಗ್ತೀನಿ."

"ಅವಳು ನಿನ್ನ ಮುಖಕ್ಕೇ ಬೈತಾಳಲ್ಲಮ್ಮಾ! ಭಾವ ಗೊಣಗ್ತಾರೆ ಅಂತ ಅವಳೇ ಹೇಳಿದ್ದಾಳೆ."

"ಇಲ್ಲೂ ಅದನ್ನೇ ಬೈತಾಳೆ, ಅಡುಗೆಮನೆಯಲ್ಲೂ ಅದನ್ನೇ ಬೈತಾಳೆ. ನನಗೆ ಅದು ಸುಲಭ. ಇನ್ನೊಂದು ದನಿ ಯಾವುದು ಅಂತ ಕಾಯ್ಕೊಂಡು ಮಲಗಬೇಕಾಗಿಲ್ಲ."

"ಡಬ್ಬಿ ನಿನಗೋಸ್ಕರಾನೇ ಮಾಡಿದ್ದಮ್ಮಾ," ಎಂದೆ. ಎಷ್ಟು ನಾಚಿಕೆಗೇಡಿನ ಮಾತು.

"ಚೆನ್ನಾಗಿ ಮಾಡಿದ್ದೀಯ," ಎಂದಳು. "ಎಲ್ಲಾ ಸ್ವಚ್ಛ ಕೇಳ್ಸುತ್ತೆ."

ಏಪ್ರಿಲ್ 2, ಬುಧವಾರ

ಹೋದರು. ಕಾರಿನಲ್ಲಿ ಅಮ್ಮನನ್ನು ಕೂರಿಸುವಾಗ ಸೊಂಟ ನೋಯುವುದೇ ಎಂದು ಕೇಳಿದೆ, ಇಲ್ಲ ಅಂದಳು. ಮುಲಾಮಿನ ಡಬ್ಬಿ ಅವಳ ಮಡಿಲಲ್ಲಿ ಇಟ್ಟೆ. ಹಿಡಿದುಕೊಂಡಳು. ಅಕ್ಕ ಕಾರಿನ ಬಾಗಿಲು ಹಾಕುತ್ತಾ, "ನೀನು ಗೆದ್ದೆ, ಖುಷಿಯಾ?" ಎಂದಳು. ಅವಳಿಗೆ ಯಾವುದೂ ಗೊತ್ತಿಲ್ಲ. ಅಮ್ಮ ಹೇಳಿಲ್ಲ. ಕೇಳಿದ್ದನ್ನು ಕೇಳಲಿಲ್ಲ ಎಂದು ಮಾಡುವ ಕೆಲಸವನ್ನು ಅಮ್ಮ ಇನ್ನೂ ಮರೆತಿಲ್ಲ.

ತಿಂಗಳ ಹಿಂದೆ ನಾನು ಬೇಡಿಕೊಂಡದ್ದೆಲ್ಲಾ ಒಂದೂ ಬಿಡದೆ ನಡೆಯಿತು.

ಏಪ್ರಿಲ್ 4, ಶುಕ್ರವಾರ

ಮೀಸೆಯ ಬಸ್ಸಿನಿಂದ ಸಿಸ್ಟಮ್ ಬಿಚ್ಚಿದೆ. "ಥ್ಯಾಂಕ್ಸ್ ಮೇಡಂ," ಎಂದು ಫ್ಯೂಸು ವಾಪಸು ಕೊಟ್ಟ. ಆ ಅಜ್ಜಿ ನಿಮ್ಮ ಮೀಸೆಯ ಬಗ್ಗೆ ಏನಂದಿದ್ದಳು ಎಂದು ಕೇಳಿದೆ. ಹೇಳಲಿಲ್ಲ. ಮುಖ ತಿರುಗಿಸಿಕೊಂಡ. ಇನ್ನೂ ನೋಯುತ್ತಿದೆ ಪಾಪ.

ಏಪ್ರಿಲ್ 6, ಭಾನುವಾರ

ಡಬ್ಬಿ ಆಫ್ ಮಾಡಿದ್ದೇನೆ. ಅಮ್ಮನ ಮಂಚದ ಮೇಲೆ ಕೂತರೆ ಬ್ಲೋವರ್ ಮೊದಲಿನ ಹಾಗೇ ಬೆನ್ನುಮೂಳೆಯವರೆಗೂ ಗುಂಯ್ ಎನ್ನುತ್ತದೆ. ಎನ್ನಲಿ. ಸಾಹುಕಾರನ ಮೇಲೂ ಸಿಟ್ಟು ಮಾಡಿಕೊಳ್ಳುವ ಶಕ್ತಿ ಉಳಿದಿಲ್ಲ.

ಬೆಳಿಗ್ಗೆ ಹನ್ನೊಂದು ಗಂಟೆಯ ಹೊತ್ತಿಗೆ ಅಕ್ಕನ ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಅಮ್ಮ.

"ಯಾರು ಬೇಕಾಗಿತ್ತು?"

"ನಾನಮ್ಮಾ. ನಿದ್ದೆ ಬರುತ್ತಾ?"

"ಬರುತ್ತೆ. ಇಲ್ಲಿ ನಿನ್ನ ಭಾವ ಗೊರಕೆ ಹೊಡೀತಾರೆ. ಅದಕ್ಕೂ ನಿನ್ನ ಡಬ್ಬಿಗೂ ಆಗಿಬರಲ್ಲ ಬಿಡು." ಹಿಂದಿನಿಂದ ಅಕ್ಕ, "ಅದನ್ನ ಅವರೆದುರಿಗೇ ಹೇಳಮ್ಮಾ," ಎಂದು ಕೂಗಿದಳು. ಅಮ್ಮ, "ಹೇಳಿಯಾಯ್ತು," ಎಂದಳು.

ಮುಲಾಮು ಹಚ್ಚಿಕೊಳ್ಳುತ್ತೀಯಾ ಎಂದು ಕೇಳಿದೆ. ಹೂಂ ಅಂದಳು. ಅಲ್ಲಿ ಬಿಸಿಲಿದೆಯಾ ಎಂದೆ. ಇದೆ ಅಂದಳು. ಆಮೇಲೆ, ತೀರಾ ಸಣ್ಣ ದನಿಯಲ್ಲಿ, ನನಗೇ ಕೇಳಿಸಿತೋ ಇಲ್ಲವೋ, ವಾಪಸ್ ಬಾ ಎಂದೆ.

"ಏನಂದೆ? ಏನೂ ಕೇಳ್ತಿಲ್ಲ. ಲೈನಲ್ಲಿ ಏನೋ ಗುಂಯ್ ಅಂತಿದೆ."

"ಬ್ಲೋವರ್."

"ಡಬ್ಬಿ?"

"ಆಫ್ ಮಾಡಿದ್ದೀನಿ."

"ಹಾಗಾದ್ರೆ ಜೋರಾಗಿ ಹೇಳು. ಜೋರಾಗಿ ಹೇಳೋಕಾಗೋದನ್ನೇ ಹೇಳು."

ಎದ್ದು ನಿಂತೆ. ಕೆಳಗಿನ ಲಾಂಡ್ರಿಗೂ ಕೇಳಿಸುವಷ್ಟು ಜೋರಾಗಿ ಕೂಗಿದೆ. ವಾಪಸ್ ಬಾ ಅಂದೆ, ನಾನು ಅವತ್ತು ಅಂದದ್ದೂ ನಿಜ, ಅದು ಕೆಟ್ಟ ನಿಜ, ಮನೆ ನನಗೊಬ್ಬಳಿಗೇ ಬೇಕಿತ್ತು, ಈಗ ಬೇಡ, ನೀನು ಪುಟ್ಟೀ ಅಂತ ಕರೆದು ನನ್ನ ಪ್ರಾಣ ತಿಂದರೂ ಸರಿ, ಬಾ ಅಂದೆ. ಚೆಂದವಾಗಿ ಹೇಳಲು ಆಗಲಿಲ್ಲ. ಅತ್ತ ಕಡೆ ಅಕ್ಕನ ಪಾತ್ರೆಗಳ ಸದ್ದು ನಿಂತಿತು.

ಅಮ್ಮ ಫೋನ್ ಇಟ್ಟುಬಿಟ್ಟಳೇನೋ ಅಂದುಕೊಂಡೆ. ಬ್ಲೋವರಿನ ನಡುವೆ ಅವಳ ಉಸಿರಿಗಾಗಿ ಕಿವಿ ಒತ್ತಿ ಹಿಡಿದೆ.

"ಮೂರು ನಿಮಿಷ ಆಯ್ತು," ಎಂದಳು, ಎಕ್ಸ್‌ಚೇಂಜಿನ ದನಿಯಲ್ಲಿ. "ಮುಂದುವರಿಸ್ತೀರಾ?"

"ಮುಂದುವರಿಸಿ," ಎಂದೆ.